ಇಳಕಲ್ಲಿನ ಸೆರಗು, ನಮ್ಮೂರ ಹಿಂಗಾರ

ಈ ಸಲದ ಸರ್ವಸದಸ್ಯರ ಸಭೆಗೆ ಬಂದ ಬೆಳೆಗಾರ ಬಂಧುಗಳು ಸಂಘದ ಗೋದಾಮಿನ ಗೋಡೆಯಲ್ಲಿ ತೂಗುಹಾಕಿದ್ದ ಚಿತ್ರಗಳನ್ನು ನೋಡಿರಬಹುದು. ನಮ್ಮೂರ ಹಿರಿಯ ಪ್ರಾಥಮಿಕ ಶಾಲೆಯ ಆರು, ಏಳನೆಯ ತರಗತಿಗಳ ಮಕ್ಕಳು ಬಾದಾಮಿ, ಹುನಗುಂದ, ಇಳಕಲ್ಲು, ಬಾಗಲಕೋಟೆಗಳ ಪ್ರವಾಸ ಮುಗಿಸಿ ಬಂದು ತಾವೇ ಬರೆದು, ಬಿಡಿಸಿ, ಅಂಟಿಸಿದ ವಸ್ತುಪ್ರದರ್ಶನ ಅದು. ಅಂದು ಅಡಿಕೆ ಧಾರಣೆಯ ಚರ್ಚೆಯ ಗದ್ದಲದಲ್ಲಿ ಅನೇಕರು ಅತ್ತ ಗಮನ ಕೊಡಲಿಲ್ಲ. ಆದ್ದರಿಂದ ನಾಲ್ಕು ಮಾತು ಇಲ್ಲಿ ಬರೆಯುತ್ತಿದ್ದೇವೆ.

ಮೊದಲಿಗೆ ಒಂದು ತಪ್ಪೊಪ್ಪಿಗೆ. ಪ್ರವಾಸದ ಪಟ್ಟಿಯಲ್ಲಿ ಲೈನ್‌ಮನೆಗಳ ಐದು ಮಕ್ಕಳ ಹೆಸರಿರಲಿಲ್ಲ. ಅವರ ಪಾಲಿನ ಹಣವನ್ನು ಸಂಘವು ಕೊಡಬಹುದೇ ಎಂದು ಮುಖ್ಯೋಪಾಧ್ಯಾಯರು ಕೇಳಿದಾಗ ನಾವು ಕೂಡಲೇ ಹೂಂ ಎನ್ನಲಿಲ್ಲ. ಕಾಫಿ ಕೊಯಿಲಿನ ಕಾಲ, ಕೈಯಲ್ಲಿ ಕಾಸಿಲ್ಲ. ಕಾಫಿಯೂ ಅಡಿಕೆಯೂ ಇಲ್ಲದ ಸೀಮೆಗೆ ಹೋಗಿ ನಮ್ಮ ಮಕ್ಕಳು ಕಲಿಯುವುದಾದರೂ ಏನು ಎಂದು ಆಡಳಿತ ಮಂಡಳಿಯಲ್ಲಿ ಕೇಳಿದವರಲ್ಲಿ ನಾವೂ ಒಬ್ಬರು. ಕೊನೆಗೆ ಹಿತನಿಧಿಯಿಂದ ಹಣ ಕೊಟ್ಟದ್ದಾಯಿತು. ಜೊತೆಗೆ ಹಿರಿಯರೊಬ್ಬರು ಇರಲೆಂದು ನಮ್ಮನ್ನೂ ಬಸ್ಸು ಹತ್ತಿಸಿದರು.

ಗದಗ ಸಮೀಪಿಸಿದಾಗ ಕಣಗಿನಹಾಳದ ಹೆಸರನ್ನು ಮಕ್ಕಳಿಗೆ ಹೇಳಿದೆವು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಮುಂದಾಗಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದ ಊರು ಅದು. ನಮ್ಮಂಥ ಸಂಘಗಳಿಗೆಲ್ಲ ಹಿರಿಯಣ್ಣ. ಅಲ್ಲಿಂದ ಮುಂದೆ ಕಪ್ಪು ನೆಲ, ಬಿಳಿಜೋಳ, ಕಣ್ಣು ಹರಿದಷ್ಟು ಬಯಲು. “ಇಲ್ಲಿಯವರು ನೆರಳಿಗೆ ಏನು ಮಾಡುತ್ತಾರೆ?” ಎಂದು ಒಬ್ಬ ಹುಡುಗ ಕೇಳಿದ. ತೋಟದ ಮಗುವಿನ ಪ್ರಶ್ನೆ!

ಬಾದಾಮಿಯ ಮೆಟ್ಟಿಲುಗಳಲ್ಲಿ ಕೋತಿಗಳು ಎರಡು ಬುತ್ತಿ ಗಂಟುಗಳನ್ನು ಅಪಹರಿಸಿದವು. ಮಕ್ಕಳ ಬರಹಗಳಲ್ಲಿ ಮೊದಲ ಸ್ಥಾನ ಪಡೆದಿರುವುದು ಈ ಸಂಗತಿಯೇ. ಎರಡನೆಯ ಸ್ಥಾನ ಮೂರನೆಯ ಗುಹೆಗೆ. ಚಾಲುಕ್ಯ ಮಂಗಲೇಶನು ಮಾಡಿಸಿದ ಆ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ. ಉಪಾಧ್ಯಾಯಿನಿಯವರು ಲೆಕ್ಕ ಹಾಕಿಸಿದಾಗ ಸಾವಿರದ ನಾಲ್ಕುನೂರು ವರ್ಷ ಮೀರಿತು. ಬಂಡೆಯನ್ನು ತಂದು ಕಟ್ಟಿದ್ದಲ್ಲ, ಇದ್ದ ಬಂಡೆಯನ್ನು ಕೊರೆದು ತೆಗೆದದ್ದು ಎಂಬುದು ಮಕ್ಕಳಿಗೆ ಮನದಟ್ಟಾದದ್ದು ಊರಿಗೆ ಬಂದು ಜಂಬಿಟ್ಟಿಗೆ ಕಲ್ಲಿನಲ್ಲಿ ಗುಹೆ ಕೊರೆಯಲು ಕುಳಿತಾಗ. ಮೂರು ಕಲ್ಲು ಒಡೆದುಹೋಗಿ ನಾಲ್ಕನೆಯದರಲ್ಲಿ ಗುಹೆಯೂ ಎರಡು ಕಂಬಗಳೂ ಉಳಿದವು. ಪ್ರದರ್ಶನದಲ್ಲಿಟ್ಟದ್ದು ಅದನ್ನೇ.

ಪಟ್ಟದಕಲ್ಲು, ಐಹೊಳೆಗಳನ್ನು ನೋಡಿಕೊಂಡು ಹುನಗುಂದದ ದಾರಿಯಾಗಿ ಇಳಕಲ್ಲಿಗೆ ಬಂದೆವು. ಇಲ್ಲಿ ನಡೆದುದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಲೈನ್‌ಮನೆಯ ಐವರಲ್ಲಿ ಒಬ್ಬ ಹುಡುಗಿಯ ತಂದೆತಾಯಿ ಹುನಗುಂದದ ಕಡೆಯಿಂದ ಕೂಲಿಗೆ ಬಂದವರು. ಅವಳ ಮಾತಿನ ರೀತಿಯನ್ನು ಉಳಿದ ಮಕ್ಕಳು ಅಣಕಿಸುತ್ತಿದ್ದುದರಿಂದ ಅವಳು ತರಗತಿಯಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟಿದ್ದಳು. ಒಂದು ಮನೆಯಲ್ಲಿ ಕುಣಿಮಗ್ಗದ ಸುತ್ತ ಎಲ್ಲರೂ ನಿಂತಿದ್ದಾಗ ನೇಕಾರರ ತಾಯಿ ಅವಳನ್ನು ನೋಡಿ, “ಯಾವೂರಾಕಿ ಬೇ ನೀ?” ಎಂದರು. ಅವಳು ಊರ ಹೆಸರು ಹೇಳಿದಳು. ಅಷ್ಟೇ, ಮಾತಿಗೆ ಕಟ್ಟೆಯೊಡೆಯಿತು. ಅಜ್ಜಿ ಹೇಳಿದ್ದು ನಮ್ಮ ಮಕ್ಕಳಿಗೆ ಅರ್ಥವಾಗದಾಗ ಅರ್ಥ ಹೇಳಿದವಳು ಇವಳೇ.

ಇಳಕಲ್ಲ ಸೀರೆಯ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಹೀಗಾಗಿ ಪ್ರತಿ ಸೀರೆಗೂ ಹಾಸನ್ನು ಹೊಸದಾಗಿಯೇ ಸಿದ್ಧಪಡಿಸಬೇಕು. ಸೆರಗಿನ ಕೆಂಪಿನ ಮೇಲೆ ಬಿಳಿಯಲ್ಲಿ ಏಳುವ ಚಿತ್ರಗಳಲ್ಲಿ ಒಂದು ಹಣಿಗೆಯದು, ಒಂದು ಕೋಟೆಯ ತೆನೆಗಳದು, ಮತ್ತೊಂದು ಜೋಳದ ತೆನೆಯದು. ಹೊಲದಲ್ಲಿ ಬೆಳೆದದ್ದು ಸೆರಗಿಗೆ ಬಂದಿದೆ ಎಂದು ಆ ಹುಡುಗಿ ತಿಳಿಸಿಕೊಟ್ಟಳು.

ಏಳನೆಯ ತರಗತಿಯವನೊಬ್ಬ ನೇಕಾರರನ್ನು, “ನಿಮ್ಮ ಸೀರೆಗೆ ದರ ಹೇಳುವವರು ಯಾರು?” ಎಂದು ಕೇಳಿದ. “ನೂಲು ಕೊಟ್ಟವರು” ಎಂದರು ಅವರು. ಅಡಿಕೆ ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟಿದ್ದಾಗ, 1973ರಲ್ಲಿ ಕ್ಯಾಂಪ್ಕೊ ಹುಟ್ಟಿದ್ದು ಇಂಥದೇ ಪ್ರಶ್ನೆಯಿಂದ. ನಾವು ಸಭೆಗಳಲ್ಲಿ ಗಂಟೆಗಟ್ಟಲೆ ಹೇಳುವುದನ್ನು ಆ ಬಾಲಕ ಒಂದೇ ಮಾತಿನಲ್ಲಿ ಕೇಳಿಬಿಟ್ಟ.

ಕೊನೆಯ ದಿನ ಬಾಗಲಕೋಟೆ. ಆಲಮಟ್ಟಿಯ ಹಿನ್ನೀರು ಹಳೆಯ ಊರಿನ ಒಂದು ಭಾಗವನ್ನು ನುಂಗಿದೆ. ಜನರಿಗೆಂದು ಕಟ್ಟಿದ ನವನಗರ ಬೇರೆಯೇ ನಿಂತಿದೆ. 519.60 ಮೀಟರ್ ಮಟ್ಟದ ನೀರನ್ನು 524.256ಕ್ಕೆ ಏರಿಸಲು 2010ರ ನ್ಯಾಯಮಂಡಳಿಯ ತೀರ್ಪು ಒಪ್ಪಿಗೆ ಕೊಟ್ಟಿರುವುದರಿಂದ ಇನ್ನೂ ಹಲವು ಊರುಗಳ ಭೂಮಿ ಲೆಕ್ಕದಲ್ಲಿದೆ. ಹುಡುಗಿಯು ನೀರಿನತ್ತ ಕೈ ತೋರಿ, “ನಮ್ಮಜ್ಜಿ ತವರುಮನಿ ಇದರಾಗ ಐತ್ರಿ” ಎಂದಳು. ಅಂದು ಯಾರೂ ಅವಳ ಮಾತನ್ನು ಅಣಕಿಸಲಿಲ್ಲ. 1964ರಲ್ಲಿ ಲಿಂಗನಮಕ್ಕಿಯ ನೀರಿಗೆ ತೋಟ ಬಿಟ್ಟು ಬಂದ ಮನೆತನಗಳು ನಮ್ಮ ಸದಸ್ಯರಲ್ಲಿಯೂ ಇವೆ. ಅಂಥ ಒಂದು ಮನೆಯ ಹುಡುಗ ಬಸ್ಸಿನಲ್ಲಿ ಅವಳ ಪಕ್ಕಕ್ಕೆ ಹೋಗಿ ಕುಳಿತು ತನ್ನ ಅಜ್ಜನ ಕಥೆಯನ್ನು ಹೇಳಿದ.

ಊರಿಗೆ ಬಂದ ಮೇಲೆ ಹದಿನೈದು ದಿನ ಮಕ್ಕಳು ಕೆಲಸ ಮಾಡಿದರು. ರಟ್ಟು, ಹಿಡಿಸೂಡಿ ಕಡ್ಡಿಗಳಿಂದ ಮಗ್ಗ, ಕೈಬರಹದ ಪತ್ರಿಕೆ, ಅಡಿಕೆ ಹಾಳೆಗೆ ಕೆಂಪು ಬಳಿದು ಮಾಡಿದ ಸೆರಗು. ಆ ಸೆರಗಿನಲ್ಲಿ ಜೋಳದ ತೆನೆಯ ಪಕ್ಕದಲ್ಲಿ ಬಿಳಿಯ ಹಿಂಗಾರವೂ ಕಾಫಿಯ ಹೂಗೊಂಚಲೂ ಇವೆ. ಬಿಡಿಸಿದವರು ಇಬ್ಬರು: ಆ ಹುಡುಗಿ ಮತ್ತು ಆ ಹುಡುಗ. ಪತ್ರಿಕೆಯಲ್ಲಿ ಅವಳದೇ ಎರಡು ಪುಟವಿದೆ, ಅವಳ ಸೀಮೆಯ ಮಾತಿನಲ್ಲಿಯೇ. ಉಪಾಧ್ಯಾಯಿನಿಯವರು ಒಂದಕ್ಷರವನ್ನೂ ತಿದ್ದಿಲ್ಲ.

ನಮ್ಮ ತೋಟಗಳಲ್ಲಿ ದುಡಿಯುವವರು ಎಲ್ಲಿಂದ ಬಂದರು, ಏನನ್ನು ಬಿಟ್ಟು ಬಂದರು ಎಂದು ನಾವು ಕೇಳಿದ್ದು ಕಡಿಮೆ. ಸಂಬಳದ ಪುಸ್ತಕದಲ್ಲಿ ಅವರ ಹೆಸರುಂಟು, ಊರಿಲ್ಲ. ನಮ್ಮ ಮಕ್ಕಳು ಈಗ ಕೇಳಿ ತಿಳಿದಿದ್ದಾರೆ. ಕಲಿಯುವುದೇನು ಎಂದು ಅಂದು ಕೇಳಿದ್ದ ನಮಗೆ ಉತ್ತರ ದೊರೆತಿದೆ.

ಲೈನ್‌ಮನೆಗಳ ಮಕ್ಕಳ ಪ್ರವಾಸದ ಖರ್ಚನ್ನು ಪ್ರತಿವರ್ಷವೂ ಹಿತನಿಧಿಯಿಂದ ಭರಿಸುವ ಠರಾವನ್ನು ಮುಂದಿನ ಸಭೆಯಲ್ಲಿ ಮಂಡಿಸಲಿದ್ದೇವೆ. ವಿರೋಧವಿದ್ದವರು ಅವಶ್ಯವಾಗಿ ಬಂದು ಹೇಳಬೇಕು. ಪ್ರದರ್ಶನವು ತಿಂಗಳ ಕೊನೆಯವರೆಗೂ ಗೋದಾಮಿನಲ್ಲಿಯೇ ಇರುತ್ತದೆ. ಗೊಬ್ಬರಕ್ಕೆ ಬಂದಾಗ ಹತ್ತು ನಿಮಿಷ ನಿಂತು ನೋಡಿ, ಆಮೇಲೆ ಮತ ಕೊಡಬೇಕಾಗಿ ವಿನಂತಿ.