ವಿಜಯಪುರ: ಒಂದು ದಿನ, ನಿಮ್ಮದೇ ಗಾಡಿ

ಆದಿಲ್‌ಶಾಹಿಗಳ ರಾಜಧಾನಿ ವಿಜಯಪುರಕ್ಕೆ ಮನೆಮಂದಿಯಷ್ಟೇ ಹೊರಟಿದ್ದೀರಾ? ಗೋಳಗುಮ್ಮಟವನ್ನು ಬೆಳ್ಳಂಬೆಳಿಗ್ಗೆಗೇ ಇಟ್ಟುಕೊಳ್ಳಿ. ಶಾಲಾ ಪ್ರವಾಸದ ಬಸ್ಸುಗಳು ಬಂದ ಮೇಲೆ ಪಿಸುಮಾತಿನ ಗ್ಯಾಲರಿಯಲ್ಲಿ ಬರೀ ಕೂಗಾಟ. ಜನ ಕಡಿಮೆಯಿದ್ದಾಗ ಗೋಡೆಗೆ ಬಾಯಿಟ್ಟು ಮೆಲ್ಲಗೆ ಮಾತಾಡಿದ್ರೂ ಎದುರು ಬದಿಯವರಿಗೆ ಕೇಳುತ್ತೆ. 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್‌ಶಾಹನ ಸಮಾಧಿ ಇದು.

ಆದ್ರೆ ಹೆಚ್ಚು ಹೊತ್ತು ಕೊಡಬೇಕಾದ್ದು ಇಬ್ರಾಹಿಂ ರೋಜಾಕ್ಕೆ. ಅಲ್ಲಿ ಕಿಟಕಿಯ ಜಾಲರಿಯೇ ಅರಬ್ಬಿ ಅಕ್ಷರ. ಕಲ್ಲಲ್ಲಿ ಕೊರೆದ ಆ ಸಾಲುಗಳ ಸಂದಿನಿಂದಲೇ ಬೆಳಕು ಒಳಗೆ ಬರುತ್ತೆ. ಸಂಗೀತಪ್ರಿಯ ದೊರೆ ಎರಡನೇ ಇಬ್ರಾಹಿಂ ಮಲಗಿರೋದು ಇಲ್ಲೇ. ಈ ಕೆತ್ತನೆ ಬಲ್ಲ ಗೈಡ್ ಒಬ್ಬರನ್ನು ಮೊದಲೇ ಗೊತ್ತು ಮಾಡಿಕೊಳ್ಳಿ, ಖರ್ಚು ಸಾರ್ಥಕ.

ಮಲಿಕ್-ಎ-ಮೈದಾನ್ ತೋಪಿನ ಬಾಯಿಯನ್ನು ಹತ್ತಿರದಿಂದ ನೋಡಿ: ಸಿಂಹದ ಹಲ್ಲುಗಳ ನಡುವೆ ಸಿಕ್ಕಿಬಿದ್ದ ಆನೆ!

ಬೇಸಿಗೆ ಬೇಡವೇ ಬೇಡ. ನವೆಂಬರ್‌ನಿಂದ ಫೆಬ್ರವರಿಯೊಳಗೆ ಹೋಗಿಬನ್ನಿ.