ಹಳೆಯ ಹೆರಾಲ್ಡಿಗೆ ಹೊಸ ಬುಷ್

ನಾಚಾರಂನ ನಮ್ಮ ಮನೆಯಂಗಳದಲ್ಲಿ ತಂದೆಯವರು ಬಿಟ್ಟುಹೋದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿದೆ. 1961ರಲ್ಲಿ ಮದರಾಸಿನಲ್ಲಿ ತಯಾರಾಗತೊಡಗಿದ ಈ ಗಾಡಿ, ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರಿನ ಹತ್ತಿರದ ದಾಯಾದಿ. ಕಳೆದ ತಿಂಗಳು ಇದರ ಸ್ಟಿಯರಿಂಗ್ ಚಕ್ರ ಗಡಗಡ ಅಲುಗತೊಡಗಿತು. ಹಳೇ ಗಾಡಿ ಹಾಗೆಯೇ ಎಂದು ಕೆಲವರು ಸಮಾಧಾನ ಹೇಳಿದರು. ಮಕ್ಕಳನ್ನು ಕೂರಿಸಿಕೊಂಡು ಹೋಗುವ ನಮಗೆ ಅದು ಒಪ್ಪಿಗೆಯಾಗಲಿಲ್ಲ.

ಪರೀಕ್ಷೆ ಸುಲಭ. ನಿಂತ ಗಾಡಿಯಲ್ಲಿ ಚಕ್ರವನ್ನು ತಿರುಗಿಸದೆ ಮೇಲೆ ಕೆಳಗೆ ಅಲ್ಲಾಡಿಸಬೇಕು. ಸ್ಟಿಯರಿಂಗ್ ಕಂಬ ಬಿಗಿಯಾಗಿದ್ದೂ ಚಕ್ರ ಅಲುಗಿದರೆ, ಒಳಗಿನ ದಂಡವನ್ನು ನಡುವೆ ಹಿಡಿದಿಡುವ ಬಳೆಯಂಥ ಬುಷ್ ಸವೆದಿದೆಯೆಂದೇ ತಿಳಿಯಬೇಕು. ತಿರುಗಿಸಿದಾಗ ಗಾಲಿ ತಡವಾಗಿ ಹೊರಳಿದರೆ ದೋಷ ಬೇರೆಡೆ. ಕೂಡಲೇ ಬಲ್ಲವರಿಗೆ ತೋರಿಸಬೇಕು.

ಇಲ್ಲಿನ ಕೈಗಾರಿಕಾ ವಸಾಹತಿನ ಹಿರಿಯ ಮಿಸ್ತ್ರಿಯೊಬ್ಬರು ಬ್ಯಾಟರಿ ತಂತಿ ಬಿಡಿಸಿ, ಗಾಲಿಗಳನ್ನು ನೇರ ನಿಲ್ಲಿಸಿ, ಗುರುತು ಹಾಕಿಕೊಂಡು ದಂಡವನ್ನು ಹೊರಗೆಳೆದರು. ಹಳೆಯ ಬುಷ್ ಪುಡಿಯಾಗಿ ಉದುರಿತು. ಹೊಸದರ ಗುಬುಟುಗಳು ಕೊಳವೆಯ ತೂತುಗಳಲ್ಲಿ ಸರಿಯಾಗಿ ಕೂರಬೇಕು, ಇಲ್ಲವಾದರೆ ಜಾರೀತು ಎಂದು ತೋರಿಸಿಕೊಟ್ಟರು. ಬಿಚ್ಚಿದ ಪ್ರತಿ ಬೋಲ್ಟನ್ನೂ ಎರಡು ಸಲ ಬಿಗಿದು ನೋಡಿದರು.

ಸಂಜೆ ತಾಯಿಯವರನ್ನು ಕೂರಿಸಿಕೊಂಡು ಹಬ್ಸಿಗುಡದವರೆಗೆ ಹೋಗಿಬಂದೆವು. ಚಕ್ರ ಕೈಯಲ್ಲಿ ನಿಶ್ಚಲವಾಗಿತ್ತು. ದಾರಿಯುದ್ದಕ್ಕೂ ಬಾಗಿಲ ಹಿಡಿ ಹಿಡಿದು ಕೂರುತ್ತಿದ್ದ ಅವರು ಅಂದು ಕೈ ಬಿಟ್ಟು ಕುಳಿತಿದ್ದರು.