ಗಂಟಲಿನ ಗೆಡ್ಡೆಯ ಎಂಆರ್‌ಐ ಅಳತೆ

ಗಂಟಲಿನ ಗೆಡ್ಡೆಯ ಎಂಆರ್‌ಐ ಅಳತೆ ಎಂಬುದು ಗಂಟಲಕುಳಿ ಹಾಗೂ ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಗೆಡ್ಡೆಯ ಗಾತ್ರವನ್ನು ಕಾಂತೀಯ ಅನುರಣನ ಚಿತ್ರಗಳಿಂದ ನಿರ್ಧರಿಸುವ ವಿಧಾನ. ಮೃದು ಅಂಗಾಂಶಗಳನ್ನು ಸ್ಪಷ್ಟವಾಗಿ ಬೇರ್ಪಡಿಸಿ ತೋರಿಸುವುದು ಇದರ ವೈಶಿಷ್ಟ್ಯ. ಆದರೂ ದೊರೆಯುವ ಅಳತೆಯು ಅಂದಾಜೇ ಹೊರತು ಪೂರ್ಣ ನಿಖರವಲ್ಲ.

ಮಹತ್ವ

ಬಾಯಿಯ ಹಿಂದಿನ ಗಂಟಲ ಭಾಗದ ಕ್ಯಾನ್ಸರಿನಲ್ಲಿ, ಸುತ್ತಲಿನ ಅಂಗಗಳಿಗೆ ಹರಡದಿದ್ದರೆ, 2 ಸೆಂ.ಮೀ. ವರೆಗಿನ ಗೆಡ್ಡೆಯನ್ನು ಟಿ1, 2ಕ್ಕಿಂತ ಹೆಚ್ಚು ಹಾಗೂ 4 ಸೆಂ.ಮೀ. ವರೆಗಿನದನ್ನು ಟಿ2, ಅದಕ್ಕೂ ದೊಡ್ಡದನ್ನು ಟಿ3 ಎಂದು ವರ್ಗೀಕರಿಸಲಾಗುತ್ತದೆ. ಗಡಿಯ ಸಮೀಪದಲ್ಲಿ ಒಂದೆರಡು ಮಿ.ಮೀ. ವ್ಯತ್ಯಾಸವೂ ರೋಗದ ಹಂತವನ್ನು ಬದಲಿಸಬಲ್ಲದು. ವಿಕಿರಣ ಚಿಕಿತ್ಸೆಗಾಗಿ ಗೆಡ್ಡೆಯ ಅಂಚನ್ನು ಕಿರಿದಾಗಿ ಗುರುತಿಸಿದರೆ ರೋಗ ಉಳಿದೀತು. ಹಿರಿದಾಗಿ ಗುರುತಿಸಿದರೆ ನುಂಗುವ ಸ್ನಾಯುಗಳಿಗೂ ಲಾಲಾರಸ ಗ್ರಂಥಿಗಳಿಗೂ ಅನಗತ್ಯ ಹಾನಿಯಾದೀತು.

ದೋಷದ ಮೂಲಗಳು

ರೋಗಿಯು ಉಗುಳು ನುಂಗಿದಾಗ ಅಥವಾ ಕೆಮ್ಮಿದಾಗ ಚಿತ್ರ ಮಸುಕಾಗುತ್ತದೆ. ಸುತ್ತಲಿನ ಬಾವು ಗೆಡ್ಡೆಯಂತೆಯೇ ಕಾಣುವುದರಿಂದ ಗಾತ್ರ ಹೆಚ್ಚಾಗಿ ತೋರಬಹುದು. ಲೋಳೆಪೊರೆಯ ಮೇಲಷ್ಟೇ ತೆಳುವಾಗಿ ಹರಡಿದ ಭಾಗ ಕಾಣದೆ ಹೋಗಬಹುದು. ಅದನ್ನು ಎಂಡೋಸ್ಕೋಪಿಯಿಂದ ನೋಡಬೇಕಾಗುತ್ತದೆ. ಒಂದೇ ಚಿತ್ರದ ಮೇಲೆ ಇಬ್ಬರು ತಜ್ಞರು ಎಳೆಯುವ ಗಡಿರೇಖೆಗಳೂ ಭಿನ್ನವಾಗಿರಬಹುದು.

ವ್ಯಾಸ ಮತ್ತು ಘನಗಾತ್ರ

ಗೋಳಾಕಾರದ ಗೆಡ್ಡೆಯ ವ್ಯಾಸವನ್ನು 20 ಮಿ.ಮೀ. ಬದಲು 22 ಮಿ.ಮೀ. ಎಂದು ಅಳೆದರೆ ವ್ಯಾಸದಲ್ಲಿ ಶೇ. 10ರಷ್ಟು, ಘನಗಾತ್ರದಲ್ಲಿ ಸುಮಾರು ಶೇ. 33ರಷ್ಟು ದೋಷ ಉಂಟಾಗುತ್ತದೆ. 2009ರಲ್ಲಿ ಪ್ರಕಟವಾದ ರೆಸಿಸ್ಟ್ 1.1 ಮಾನದಂಡದ ಪ್ರಕಾರ, ಅಳೆದ ಗೆಡ್ಡೆಗಳು ಬೆಳೆದಿವೆ ಎನ್ನಲು ವ್ಯಾಸಗಳ ಮೊತ್ತವು ಶೇ. 20ರಷ್ಟು ಹೆಚ್ಚುವುದರ ಜೊತೆಗೆ ಆ ಹೆಚ್ಚಳ ಕನಿಷ್ಠ 5 ಮಿ.ಮೀ. ಆಗಿರಬೇಕು. ಇದರಿಂದ ಅಳತೆಯ ಸಣ್ಣ ಏರುಪೇರನ್ನು ರೋಗದ ಉಲ್ಬಣವೆಂದು ತಿಳಿಯುವುದು ತಪ್ಪುತ್ತದೆ. ಮರುಪರೀಕ್ಷೆಯನ್ನು ಮೊದಲಿನ ವಿಧಾನದಲ್ಲಿಯೇ ನಡೆಸಿದಾಗ ಹೋಲಿಕೆಯು ಹೆಚ್ಚು ವಿಶ್ವಾಸಾರ್ಹವಾಗುತ್ತದೆ.